ಫ್ಲೋರಿಡಾದ ನಾನ್ ಅಟೆಂಡಿಂಗ್ ಸಿಸ್ಟರುಗಳು

ನರ್ಸಿಂಗ್ ಕಾಲೇಜುಗಳ ‘ನಾನ್ ಅಟೆಂಡಿಂಗ್’ ಸೀಟು ನಮ್ಮ ಕರ್ನಾಟಕದ ಸ್ವಂತ ಆವಿಷ್ಕಾರ ಎಂದು ಸುಮ್ನೆ ಬೀಗುತ್ತಿದ್ದೆವು. ಹುಡುಗಿ ಬರಬೇಕಿಲ್ಲ, ಫೀಸು ಬಂದರೆ ಸಾಕು. ಹಾಜರಾತಿ ಪುಸ್ತಕ ತನ್ನ ಪಾಡಿಗೆ ತಾನು ತುಂಬಿಕೊಳ್ಳುತ್ತದೆ. ಈಗ ನೋಡಿದರೆ ಅಮೆರಿಕದವರು ಇದರಲ್ಲೂ ನಮ್ಮನ್ನು ಹಿಂದೆ ಹಾಕಿದ್ದಾರೆ.

2023ರ ಜನವರಿಯಲ್ಲಿ ಅಲ್ಲಿನ ತನಿಖಾಧಿಕಾರಿಗಳು ‘ಆಪರೇಷನ್ ನೈಟಿಂಗೇಲ್’ ಎಂಬ ಕಾರ್ಯಾಚರಣೆಯ ವಿವರ ಬಿಚ್ಚಿಟ್ಟರು. ಫ್ಲೋರಿಡಾದ ಮೂರು ನರ್ಸಿಂಗ್ ಶಾಲೆಗಳ ಹೆಸರಲ್ಲಿ 7,600ಕ್ಕೂ ಹೆಚ್ಚು ಡಿಪ್ಲೊಮಾ ಮಾರಾಟವಾಗಿತ್ತು. ಒಂದಕ್ಕೆ ಸುಮಾರು 15 ಸಾವಿರ ಡಾಲರ್. ಪತ್ರಿಕೆಗಳು ಇದನ್ನು ‘ನಕಲಿ ಡಿಪ್ಲೊಮಾ’ ಎಂದು ಬರೆದವು. ಅದು ಅನ್ಯಾಯ. ಕಾಗದ ಅಸಲಿ, ಶಾಲೆಯ ಹೆಸರು ಅಸಲಿ, ಕೊಟ್ಟ ದುಡ್ಡಂತೂ ಅಪ್ಪಟ ಅಸಲಿ. ವಾರ್ಡಿನಲ್ಲಿ ಇಷ್ಟು ಗಂಟೆ ಕೆಲಸ ಕಲಿತಿದ್ದಾರೆ ಎಂದು ಅಂಕಪಟ್ಟಿಯಲ್ಲಿ ಲೆಕ್ಕವೂ ಇತ್ತು. ಇಲ್ಲದ್ದು ಓದು ಒಂದೇ.

ನಿಜವಾದ ತಮಾಷೆ ಶುರುವಾಗುವುದು ಇಲ್ಲಿಂದ. ಅಮೆರಿಕದಲ್ಲಿ ಡಿಪ್ಲೊಮಾ ಇದ್ದರೆ ಸಾಲದು, ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ ಪಾಸಾಗಬೇಕು. ಎದುರು ಕೂತವರ ಯೋಗ್ಯತೆ ಬಗ್ಗೆ ಶೇ. 95 ಖಾತ್ರಿಯಾಗುವವರೆಗೆ ಅದರ ಕಂಪ್ಯೂಟರ್ ಪ್ರಶ್ನೆ ಕೇಳುತ್ತಲೇ ಇರುತ್ತದೆಯಂತೆ. ಡಿಪ್ಲೊಮಾ ಕೊಂಡವರಲ್ಲಿ ಸುಮಾರು 2,400 ಮಂದಿಯ ಬಗ್ಗೆ ಅದಕ್ಕೆ ಖಾತ್ರಿಯಾಯಿತು. ಅವರು ಲೈಸೆನ್ಸ್ ಪಡೆದರು, ಕೆಲಸಕ್ಕೂ ಸೇರಿದರು. ಕೊನೆಗೆ ಮಾಜಿ ಸೈನಿಕರ ಆಸ್ಪತ್ರೆಗಳೇ 89 ನರ್ಸುಗಳನ್ನು ರೋಗಿಗಳ ಬಳಿಯಿಂದ ದೂರ ಕಳಿಸಬೇಕಾಯಿತು. ಇವರಿಂದ ಯಾವ ರೋಗಿಗಾದರೂ ತೊಂದರೆ ಆಯಿತೇ ಎಂದು ಕೇಳಿದರೆ, ಅಂಥದ್ದು ಗಮನಕ್ಕೆ ಬಂದಿಲ್ಲ ಎಂದರು ಅಧಿಕಾರಿಗಳು.

ಹಾಗಾದರೆ ಒಂದೋ ಪರೀಕ್ಷೆ ದಂಡ, ಇಲ್ಲವೇ ಕಾಲೇಜು ದಂಡ, ಅಲ್ವಾ? ಯಾವುದು ಎಂದು ಹೇಳಲು ಲೈಸೆನ್ಸ್ ಕೊಡುವ ಯಾವ ನರ್ಸಿಂಗ್ ಬೋರ್ಡೂ ಮುಂದೆ ಬಂದಂತೆ ಕಾಣೆ. ಜಾರ್ಜಿಯಾ ರಾಜ್ಯದ ಬೋರ್ಡ್ 22 ಮಂದಿಗೆ ಪತ್ರ ಬರೆದು, ದಯವಿಟ್ಟು ನೀವಾಗಿಯೇ ಲೈಸೆನ್ಸ್ ವಾಪಸ್ ಕೊಡಿ ಎಂದು ಕೇಳಿಕೊಂಡಿತು. ವೃತ್ತಿಧರ್ಮ ಎಂದರೆ ಇದು! ಬಸ್ಸಲ್ಲಿ ಟಿಕೆಟ್ ಇಲ್ಲದವರು ದಯವಿಟ್ಟು ಕೈ ಎತ್ತಿ ಅಂದ ಹಾಗೆ.

ಅದೇ ನಮ್ಮ ಹಾಸನದ್ದೋ ಕಲಬುರಗಿಯದ್ದೋ ಹುಡುಗಿ ಅಮೆರಿಕಕ್ಕೆ ಹೊರಟರೆ? ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿರುತ್ತಾಳೆ. ನೈಟ್ ಡ್ಯೂಟಿ ಮಾಡಿ ಕಾಲು ಊದಿಸಿಕೊಂಡಿರುತ್ತಾಳೆ. ಅಂಕಪಟ್ಟಿಯನ್ನು ಅವಳ ಕೈಗೆ ಕೊಡುವಂತಿಲ್ಲ, ಕಾಲೇಜಿನಿಂದಲೇ ನೇರವಾಗಿ ಹೋಗಬೇಕು. ಇವಳು ತಿದ್ದಿಬಿಟ್ಟರೆ? ನರ್ಸಿಂಗ್ ಕೌನ್ಸಿಲ್ ಇವಳು ಇವಳೇ ಎಂದು ಒಪ್ಪಬೇಕು. ಓದಿದ್ದೆಲ್ಲ ಇಂಗ್ಲಿಷಿನಲ್ಲೇ ಆದರೂ ಇಂಗ್ಲಿಷ್ ಪರೀಕ್ಷೆ ಬೇರೆ. ಆಮೇಲೆ ಅದೇ ಎನ್‌ಕ್ಲೆಕ್ಸ್. ಎಲ್ಲ ಮುಗಿಸಿದ ಮೇಲೆ ಗ್ರೀನ್ ಕಾರ್ಡಿನ ಕ್ಯೂ. ಭಾರತೀಯರಿಗೆ ಅದು ಹತ್ತು ವರ್ಷ ದಾಟಿದೆ. ಅಷ್ಟು ಹೊತ್ತಿಗೆ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶದ ಅವಧಿ ಎಂದೋ ಮುಗಿದಿರುತ್ತದೆ, ಮತ್ತೆ ಬರೀಬೇಕು. ನಿಜವಾಗಿ ಓದಿದವಳ ಮೇಲೆ ಅನುಮಾನ ಯಾವಾಗಲೂ ಜಾಸ್ತಿ. ಅವಳ ಹತ್ತಿರ ಕಾಗದ ಜಾಸ್ತಿ ಇರುತ್ತದಲ್ಲ, ಪರಿಶೀಲಿಸಲು ಅನುಕೂಲ.

ನಮ್ಮಲ್ಲೂ ನಿಯಮಕ್ಕೇನೂ ಬರವಿಲ್ಲ. ಥಿಯರಿಗೆ ಶೇ. 80 ಹಾಜರಾತಿ ಬೇಕು. ಪದವಿ ಕೈಗೆ ಬರುವಷ್ಟರಲ್ಲಿ ಪ್ರಾಕ್ಟಿಕಲ್‌ಗೆ ಶೇ. 100 ಆಗಿರಬೇಕು. ನಾನ್ ಅಟೆಂಡಿಂಗ್ ಕಾಲೇಜುಗಳ ಪುಸ್ತಕ ತೆಗೆದು ನೋಡಿ, ಒಬ್ಬರಾದರೂ ಶೇ. 100ಕ್ಕಿಂತ ಕಡಿಮೆ ಇದ್ದರೆ ಕೇಳಿ.

ಡಿಪ್ಲೊಮಾ ಕೊಂಡವರ ಮೇಲೆ ಆಗ ಕ್ರಿಮಿನಲ್ ಕೇಸು ಬೀಳಲಿಲ್ಲ. ಮಾರಿದವರು, ದಲ್ಲಾಳಿಗಳು ಸೇರಿ 25 ಮಂದಿ ಮೇಲೆ ಬಿತ್ತು. ಅವರಲ್ಲಿ ಒಂದು ಶಾಲೆಯ ಮಾಲಕಿಗೆ 21 ತಿಂಗಳ ಶಿಕ್ಷೆಯಾಯಿತು. ನಮ್ಮ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಕೋರ್ಸೇ ಮೂರು ವರ್ಷ. ಅದಕ್ಕೆ ಹೋಲಿಸಿದರೆ ಕಡಿಮೆಯೇ, ಆದರೆ ಜೈಲಿನವರು ನಾನ್ ಅಟೆಂಡಿಂಗ್ ಸೀಟು ಕೊಡುವುದಿಲ್ಲ.