ಬೆರಳು ಬಂದ ಮೇಲೆ ಬಚ್ಚಲು

ನಮ್ಮ ಮನೆಯ ಬಚ್ಚಲು ಹತ್ತು ದಿನದಿಂದ ಅರ್ಧಕ್ಕೆ ನಿಂತಿದೆ. ಮರಳು ಅಂಗಳದಲ್ಲಿದೆ, ಸಿಮೆಂಟ್ ಚೀಲ ಪಡಸಾಲೆಯಲ್ಲಿದೆ, ಶಹಾಬಾದ್ ಫರಸಿ ಕಲ್ಲು ಗೋಡೆಗೆ ಒರಗಿಕೊಂಡಿವೆ. ಗೌಂಡಿ ಕಾಕಾ ಮಾತ್ರ ತಮ್ಮ ಮನೆ ಕಟ್ಟೆ ಮೇಲೆ ಸುಮ್ನೆ ಕೂತಿದ್ದಾರೆ. ಕಾಯಿಲೆ ಇಲ್ಲ, ಜಗಳ ಇಲ್ಲ, ದುಡ್ಡಿನ ಬಾಕಿಯೂ ಇಲ್ಲ. ಅವರಿಗೆ ಗೌಂಡಿ ಕೆಲಸ ಬರುತ್ತದೆ ಅಂತ ಒಂದು ಕಾಗದ ಆಗಬೇಕಿದೆ. ಅದಕ್ಕಾಗಿ ಕೆಲಸ ಬಿಟ್ಟಿದ್ದಾರೆ.

ಕಾಕಾ ಈ ಕೆಲಸ ಎಲ್ಲೂ ಹೋಗಿ ಕಲಿತವರಲ್ಲ. ಕಲಬುರಗಿಗೆ ಬಂದಾಗ ಬುಟ್ಟಿಯಲ್ಲಿ ಮಾಲು ಹೊತ್ತು ಕೊಡುವ ಹುಡುಗ. ಮಧ್ಯಾಹ್ನ ದೊಡ್ಡ ಗೌಂಡಿ ರೊಟ್ಟಿ ತಿಂದು ಅಡ್ಡಾದಾಗ ಅವನ ಕರಣಿ ಎತ್ತಿಕೊಂಡು ಹಿಂದಿನ ಗೋಡೆಗೆ ಗಿಲಾವು ಬಳಿದು ನೋಡುತ್ತಿದ್ದರಂತೆ. ಅವನು ಎದ್ದ ಮೇಲೆ ಬೈಗುಳ. ಸಿಲಬಸ್ ಅಷ್ಟೇ. ಈಗ ಫರಸಿ ಹಾಸಿದ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿಯುತ್ತಾ ಹೋಗುತ್ತಾರೆ, ತಲೆ ಓರೆ ಮಾಡಿ ಕೇಳುತ್ತಾರೆ. ಯಾವುದೋ ಮೂಲೆಯಲ್ಲಿ ಕೈ ನಿಲ್ಲುತ್ತದೆ. ನನಗೆ ಎಲ್ಲಾ ಸದ್ದೂ ಒಂದೇ. ‘ಇಲ್ಲಿ ಟೊಳ್ಳ ಅದ’ ಅಂತ ಆ ಕಲ್ಲು ಎಬ್ಬಿಸುತ್ತಾರೆ. ನಿಜಕ್ಕೂ ಅಲ್ಲೊಂದು ಅಂಗೈಯಷ್ಟು ಜಾಗಕ್ಕೆ ಮಾಲು ತಗುಲಿರುವುದಿಲ್ಲ.

ಇಂಥವರಿಗೆ ಕಾಗದ ಕೊಡಬೇಕು ಅನ್ನೋದು ಒಳ್ಳೆಯ ಮಾತೇ. 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲೇ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ಖಾನೆ ಇತ್ತು. ಆಮೇಲೆ 2023ರ ಸೆಪ್ಟೆಂಬರ್ 17ಕ್ಕೆ ಕೈಕಸುಬಿನವರಿಗೆ ಅಂತಲೇ ಪಿಎಂ ವಿಶ್ವಕರ್ಮ ಯೋಜನೆ ಬಂತು. ನಮ್ಮ ಕಡೆ ಅವತ್ತು ಹೇಗೂ ಕಲ್ಯಾಣ ಕರ್ನಾಟಕ ಉತ್ಸವ, ಬಾವುಟ ಹಾರಿಸಿಯೇ ಇದ್ದೆವು. 18 ಕಸುಬು, ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000. ಜೋಳದ ರೊಟ್ಟಿ ಬಡಿಯುವುದು ಆ 18ರಲ್ಲಿ ಇಲ್ಲ, ಪುಣ್ಯ. ಇದ್ದಿದ್ದರೆ ನಮ್ಮವ್ವ ಹೆಲ್ಮೆಟ್ ಹಾಕಿಕೊಂಡು ಒಲೆ ಮುಂದೆ ಫೋಟೋಕ್ಕೆ ನಿಲ್ಲಬೇಕಿತ್ತು.

ಕಾಕಾ ಹೋಗಿದ್ದು ಯಾವ ಯೋಜನೆಗೆ, ಯಾವ ಕೇಂದ್ರಕ್ಕೆ ಅಂತ ಕೇಳಬೇಡಿ. ಗುತ್ತಿಗೆದಾರನೊಬ್ಬ ಸರ್ಟಿಫಿಕೇಟ್ ಕೇಳಿದ್ದ, ಹೋದರು. ಜತೆಗೆ ಓದಿ ಹೇಳುವುದಕ್ಕೆ ನಾನು.

ಕೋಣೆಗಿಂತ ಬ್ಯಾನರ್ ದೊಡ್ಡದಿತ್ತು. ಪಾಠ ಹೇಳುವ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ನಾಲ್ಕು ವರ್ಷ. ಪರದೆ ಮೇಲೆ ಚಿತ್ರ ಬಂತು. ‘ಇದು ಕರಣಿ. ಇದನ್ನು ಹಿಡಿಕೆಯ ಕಡೆಯಿಂದ ಹಿಡಿಯಬೇಕು.’ ನಲವತ್ತು ವರ್ಷ ಹಿಡಿಕೆಯ ಕಡೆಯಿಂದಲೇ ಹಿಡಿದವರು ಗಂಭೀರವಾಗಿ ತಲೆ ಅಲ್ಲಾಡಿಸಿದರು. ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಎಂಜಿನಿಯರಿಂಗ್ ಓದಿದವನು, ಕೆಲಸ ಸಿಕ್ಕಿಲ್ಲ, ಹಿಂದಿನ ರಾತ್ರಿ ಯೂಟ್ಯೂಬ್ ನೋಡಿ ಗೌಂಡಿ ಕೆಲಸ ಕಲಿತು ಬಂದಿದ್ದಾನೆ. ಅವನೂ ನಮ್ಮ ಕಾಕಾನ ಜಾತಿಯೇ, ತಾನೇ ಕಲಿತವನು. ಚಹಾ ಬಿಡುವಿನಲ್ಲಿ ಮೆಲ್ಲಗೆ ಹತ್ತಿರ ಬಂದ.

‘ಕಾಕಾ, ನಮ್ಮ ಮನಿ ಮಾಳಿಗಿ ಸೋರ್ಲಾಕತ್ತದ. ಏನ್ ಮಾಡ್ಬೇಕ್ರಿ?’

‘ಸೋರೋ ಜಾಗ ಬಿಡೋ ತಮ್ಮಾ, ಮ್ಯಾಲ ನೀರ್ ಎಲ್ಲಿ ನಿಂದರ್ತದ ಅದನ್ ನೋಡು ಮೊದ್ಲ’ ಅಂತ ಕಾಕಾ ಶುರು ಮಾಡಿದರು. ಕಾಲು ಗಂಟೆ ಹೇಳಿದರು. ಆ ಕೇಂದ್ರದಲ್ಲಿ ಅವತ್ತು ನಡೆದ ಪಾಠ ಅದೊಂದೇ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಆಮೇಲೆ ಪರೀಕ್ಷೆ. ಟ್ಯಾಬ್‌ನಲ್ಲಿ ಪ್ರಶ್ನೆ: ಸಿಮೆಂಟಿಗೆ ಮರಳು ಎಷ್ಟು? ಒಂದಕ್ಕೆ ಮೂರು, ಒಂದಕ್ಕೆ ನಾಲ್ಕು, ಒಂದಕ್ಕೆ ಆರು.

‘ಎದಕ್ಕರೀ? ಗ್ವಾಡಿ ಕಟ್ಟಲಾಕೋ, ಗಿಲಾವ್ ಮಾಡ್ಲಾಕೋ?’

‘ಹಂಗ ಕೇಳಂಗಿಲ್ಲ ಕಾಕಾ. ಯಾವ್ದರ ಒಂದು ಒತ್ರಿ.’

ಇಟ್ಟಿಗೆ ಗೋಡೆಗೆ ಒಂದಕ್ಕೆ ಆರು ನಡೆಯುತ್ತದೆ, ಗಿಲಾವಿಗೆ ನಾಲ್ಕು ಹಾಕುತ್ತಾರೆ. ಕೆಲಸ ಬರುವವನಿಗೆ ಆ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಬಾರದವನು ಧೈರ್ಯವಾಗಿ ಒತ್ತುತ್ತಾನೆ. ಆ ಪ್ರಶ್ನೆಗೆ ಕಾಕಾಗೆ ಸೊನ್ನೆ ಬಂತು.

ಇದೇ ಟ್ಯಾಬ್ ಬೀದರಿಗೆ ಹೋದರೆ ಹೇಗಿರುತ್ತೆ ಅಂತ ಯೋಚಿಸಿದೆ. ಬಿದ್ರಿ ಪಾತ್ರೆಯನ್ನು ಸತು, ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ, ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರ ಎಂಬ ಲವಣದ ಜತೆ ನೀರಿಗೆ ಹಾಕಿ ಕುದಿಸಿ ಅದರಲ್ಲಿ ಅದ್ದಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆದೀತು ಅಂತ ನಾಲಿಗೆ ಮೇಲೆ ಇಟ್ಟು ಹೇಳುವ ಉಸ್ತಾದರಿದ್ದಾರೆ. ಪ್ರಶ್ನೆ ಹನ್ನೊಂದು: ಮಣ್ಣಿನ ರುಚಿ ಹೇಗಿರಬೇಕು? ಅ) ಉಪ್ಪು, ಆ) ಹುಳಿ, ಇ) ಮೇಲಿನ ಎರಡೂ, ಈ) ಯಾವುದೂ ಅಲ್ಲ. ಮಾದರಿ ಉತ್ತರ ತಿಂದು ನೋಡಿ ದೃಢೀಕರಿಸಲು ಒಬ್ಬ ನೋಡಲ್ ಅಧಿಕಾರಿ. ಅವರಿಗೆ ಪ್ರಯಾಣ ಭತ್ಯೆ ಬೇರೆ.

ಆದರೂ ಎಲ್ಲಾ ಸೇರಿಸಿ ಕಾಕಾ ಪಾಸಾದರು. ಉಳಿದದ್ದು ಹಾಜರಿಗೆ ಬೆರಳು ಒತ್ತುವುದು.

ಒತ್ತಿದರು. ಕೆಂಪು ದೀಪ. ಧೋತರಕ್ಕೆ ಒರೆಸಿ ಒತ್ತಿದರು. ಕೆಂಪು. ಇನ್ನೊಂದು ಬೆರಳು, ಇನ್ನೊಂದು ಕೈ, ಹತ್ತೂ ಆಯ್ತು. ಯಾರೋ ಕೊಬ್ಬರಿ ಎಣ್ಣೆ ತಂದರು, ಯಂತ್ರ ಜಾರಿತು ಅಷ್ಟೆ. ನಾನು ಆ ಕೈ ಹಿಡಿದು ಬೆಳಕಿಗೆ ನೋಡಿದೆ. ಬೆರಳ ತುದಿ ಹೊಳೆ ಕಲ್ಲಿನ ಹಾಗೆ ನುಣ್ಣಗಿತ್ತು, ಒಂದು ಗೆರೆ ಇಲ್ಲ. ನಲವತ್ತು ವರ್ಷ ಸಿಮೆಂಟ್ ತಿಂದಿದೆ. ಅವರಿಗೆ ಕೆಲಸ ಬರುತ್ತದೆ ಅನ್ನೋದಕ್ಕೆ ಇದಕ್ಕಿಂತ ದಾಖಲೆ ಬೇಕಾ? ಯಂತ್ರಕ್ಕೆ ಅದು ಮಾತ್ರ ಓದಲು ಬರುವುದಿಲ್ಲ.

ಹುಡುಗ ಬಹಳ ಹೊತ್ತು ಯೋಚಿಸಿ ದಾರಿ ಹೇಳಿದ. ‘ಕಾಕಾ, ಒಂದ್ ಹದಿನೈದ್ ದಿನ ಸಿಮೆಂಟ್ ಮುಟ್ಬ್ಯಾಡ್ರಿ. ಗೆರಿ ವಾಪಸ್ ಬರ್ತಾವ. ಆಮ್ಯಾಗ ಬರ್ರಿ, ಗೌಂಡಿ ಅಂತ ಬರ್ಕೊಡ್ತೀವಿ.’

ನಿನ್ನೆ ಸಂಜೆ ಹೋಗಿ ಮಾತಾಡಿಸಿದೆ. ಕಟ್ಟೆ ಮೇಲೆ ಕೂತು ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದರು. ಬಚ್ಚಲು ಯಾವಾಗ ಕಾಕಾ ಅಂದೆ. ಬೆರಳನ್ನು ನನ್ನ ಕಣ್ಣ ಹತ್ತಿರ ತಂದರು.

‘ನಿನ್ ಕಣ್ ಛಲೋ ಅವ. ನೋಡು, ಏನರ ಮೂಡ್ಲಾಕತ್ಯಾವೇನು?’