ಕೊಲೆಗಾರ ಯಾರೆಂದು ಅವ್ವನಿಗೆ ಗೊತ್ತಿತ್ತು

ವಾಟ್ಸಾಪ್‌ನಲ್ಲಿ ಮಂದಿ ಹೊಗಳಿ ಹೊಗಳಿ ಇಡುತ್ತಿರುವ ಆ ಕಾದಂಬರಿ ನಾನೂ ಓದಿದೆ. ಹೆಸರು ಬೇಡ, ಒಂದು ಪತ್ತೇದಾರಿ ಕಥೆ ಅಂದುಕೊಳ್ಳಿ. ‘ಊಹಿಸಲಾಗದ ತಿರುವುಗಳು’ ಅಂತ ಬೆನ್ನಿನ ಮೇಲೆ ಅಚ್ಚು ಹಾಕಿದ್ದಾರೆ. 31ನೇ ಪುಟದಲ್ಲಿದ್ದಾಗ ಅವ್ವ ಶೇಂಗಾ ಸುಲಿಯುತ್ತಾ ಕಥೆ ಏನು ಅಂತ ಕೇಳಿದಳು. ಹೇಳಿದೆ. ‘ಕೊಂದಾಂವ ಆ ವಕೀಲನ, ಬಿಡು’ ಅಂದಳು. ನನಗಿನ್ನೂ 270 ಪುಟ ಬಾಕಿ ಇತ್ತು.

1929ರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರು ಪತ್ತೇದಾರಿ ಕಥೆಗಳಿಗೆ 10 ನಿಯಮ ಬರೆದಿದ್ದರು. ಅಪರಾಧಿಯ ಪರಿಚಯ ಶುರುವಿನಲ್ಲೇ ಆಗಬೇಕು ಅನ್ನೋದು ಮೊದಲನೆಯದು. ನಮ್ಮ ಲೇಖಕರ ನಿಷ್ಠೆ ನೋಡಿ, ವಕೀಲರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೈ ನಡುಗುತ್ತದೆ, ನೀರು ಕುಡಿಯುವ ಮೊದಲೇ ಆಸ್ತಿ ಪತ್ರ ಕೇಳುತ್ತಾರೆ. ಅವಳಿ ಜವಳಿ ತರುವುದಾದರೆ ಮೊದಲೇ ಸುಳಿವು ಕೊಡಿ ಅಂತಲೂ ಪಾದ್ರಿ ಹೇಳಿದ್ದರು. ಆ ಸಾಲು ಇವರ ಕಣ್ಣಿಗೆ ಬಿದ್ದಿಲ್ಲ. 288ನೇ ಪುಟದಲ್ಲಿ ನಾಯಕಿಗೆ ಧುತ್ತಂತ ಒಬ್ಬಳು ಅಕ್ಕ. ಅದೇ ಮುಖ, ಅದೇ ಮಚ್ಚೆ.

ಕಥೆ ನಡೆಯೋದು ನಮ್ಮ ವಿಜಯಪುರದಲ್ಲಿ. ಏಪ್ರಿಲ್ ತಿಂಗಳು, ಮಂಜು ಮುಸುಕಿದ ಮುಂಜಾನೆ, ನಾಯಕಿ ಶಾಲು ಹೊದ್ದು ನಡುಗುತ್ತಾಳೆ. ಏಪ್ರಿಲ್‌ನಲ್ಲಿ ಇಲ್ಲಿ ನಡುಗೋದು ಫ್ಯಾನು ಮಾತ್ರ, ಅದೂ ಕರೆಂಟ್ ಇದ್ದರೆ. ಆಮೇಲೆ ನಾಯಕ, ನಾಯಕಿ ಇಬ್ಬರೂ ಗೋಳಗುಮ್ಮಟ ಹತ್ತಿ, ಗ್ಯಾಲರಿಯಲ್ಲಿ ನಿಂತು ಲಾಕರ್ ನಂಬರ್ ಪಿಸುಗುಡುತ್ತಾರೆ! ಅಲ್ರೀ, ಅಲ್ಲಿ ಪಿಸುಮಾತು ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿ ಹಚ್ಚಿದವನಿಗೂ ಕೇಳುತ್ತದೆ, ಚಪ್ಪಾಳೆ ತಟ್ಟಿದರೆ ಏಳು ಸಲ ವಾಪಸ್ ಬರುತ್ತದೆ, ಸಾಲಿ ಟ್ರಿಪ್ಪಿಗೆ ಬಂದ ಹುಡುಗರಿಗೂ ಇದು ಗೊತ್ತು. ಗುಟ್ಟು ಹೇಳಲು ಊರಲ್ಲಿ ಬೇರೆ ಜಾಗ ಇರಲಿಲ್ವಾ? ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನಿಗೆ ಹೋಗಬಹುದಿತ್ತು, ಮಾತು ವಾಪಸ್ ಬರಲು ಅದಕ್ಕೆ ಛಾವಣಿಯೇ ಇಲ್ಲ.

ಹಾಗಂತ ಪುಸ್ತಕ ಕೆಳಗಿಟ್ಟೆನಾ? ಇಲ್ಲ. ರಾತ್ರಿ 2 ಗಂಟೆವರೆಗೂ ಓದಿದೆ. ನಾಯಕಿಯ ಅಜ್ಜಿ ರೊಟ್ಟಿ ಬಡಿಯುತ್ತಾ ತೀರಿಹೋದ ಗಂಡನನ್ನು ಬೈಯುವ ನಾಲ್ಕು ಪುಟ ಇವೆ. ಚೆನ್ನಾಗಿವೆ, ಸುಮ್ನೆ ಹೇಳುತ್ತಿಲ್ಲ. ಅವ್ವನಿಗೂ ಓದಿ ಹೇಳಿದೆ.

ನನಗೆ ನಗು ನಿಂತದ್ದು ನಾಯಕನನ್ನು ನೋಡಿ. ಅವಳು ಬೇಡ ಅಂದ ಮೇಲೂ ಬಸ್ ಸ್ಟ್ಯಾಂಡಿನಿಂದ ಹಾಸ್ಟೆಲ್‌ವರೆಗೆ ಹಿಂದೆ ಬೀಳುತ್ತಾನೆ, ಅವಳ ಮೊಬೈಲ್ ಕದ್ದು ನೋಡುತ್ತಾನೆ. ಲೇಖಕರು ಇದಕ್ಕೆ ‘ಕಾವಲು’ ಅಂತಾರೆ. 2013ರಿಂದ ಕಾನೂನು ಇದನ್ನು ಅಪರಾಧ ಅನ್ನುತ್ತಿದೆ. ನನ್ನ ತಂಗಿ ಕಾಲೇಜಿನ ದಾರಿ ಬದಲಿಸಿದ್ದು ಇಂಥದೇ ಒಬ್ಬ ಕಾವಲುಗಾರನ ಕಾಟಕ್ಕೆ. ಸಾಕಾಗಿ ಹೋಗಿದೆ.

ವಕೀಲರೇ ಕೊಂದದ್ದು ಅಂತ ಬೆಳಿಗ್ಗೆ ಅವ್ವನಿಗೆ ಹೇಳಿದೆ. ಅವಳು ತಲೆ ಎತ್ತಲಿಲ್ಲ.

‘ಆ ಹುಡುಗಿ ಬೆನ್ನ ಹತ್ತಿದವನ್ನ ಮದವಿ ಆದಳೇನು?’

ಹೂಂ ಅಂದೆ.

‘ಅಜ್ಜಿ ಏನೂ ಅನ್ನಲಿಲ್ಲ?’

ಅಜ್ಜಿಯನ್ನು 200ನೇ ಪುಟದಲ್ಲೇ ಸಾಯಿಸಿಬಿಟ್ಟಿದ್ದಾರೆ.