ಮೊದಲು ಅದು ಹಾವು ಹೌದಾ ಅಂತ ತೀರ್ಮಾನ ಆಗಲಿ

ಹೋದ ತಿಂಗಳು ನಮ್ಮ ಹಿತ್ತಲಿಗೆ ಹಾವು ಬಂತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತೆಂಗಿನ ಗರಿ ರಾಶಿ ಹಾಕಿದ್ದೆವು, ಅದರೊಳಗೆ. ಐದು ನಿಮಿಷದಲ್ಲಿ ಹತ್ತು ಜನ ಸೇರಿದರು. ಒಬ್ಬರು ನಾಗರಹಾವು ಅಂದರು. ಇನ್ನೊಬ್ಬರು ದೇವರು, ಕೈ ಮುಗಿಯಿರಿ ಅಂದರು. ಎದುರು ಮನೆ ಮೇಷ್ಟ್ರು ಕಾಂಪೌಂಡ್ ಆಚೆ ನಿಂತೇ, "ಅಯ್ಯೋ, ಕೇರೆ ಹಾವು ಕಣ್ರೀ, ಪಾಪದ್ದು. ಅದರ ಪಾಡಿಗೆ ಬಿಡಿ" ಅಂದರು. ವಾದ ಮುಗಿಯುವಷ್ಟರಲ್ಲಿ ಹಾವು ಚರಂಡಿ ಸೇರಿತ್ತು. ಹತ್ತು ಜನ ಸೇರಿದರೆ ಹಾವು ಸಾಯಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಹತ್ತು ಜನಕ್ಕೇ ಹೀಗಾದರೆ 193 ದೇಶಕ್ಕೆ ಹೇಗಿರಬೇಡ? 2006ರ ಸೆಪ್ಟೆಂಬರ್ 8ರಂದು ವಿಶ್ವಸಂಸ್ಥೆಯಲ್ಲಿ ಎಲ್ಲರೂ ಒಮ್ಮತದಿಂದ ಜಾಗತಿಕ ಭಯೋತ್ಪಾದನಾ ನಿಗ್ರಹ ಕಾರ್ಯತಂತ್ರ ಒಪ್ಪಿಕೊಂಡರು. ಎರಡು ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಿ ಹೊಸದು ಮಾಡಬೇಕು ಅಂತ ಮಾತಾಯಿತು. 2020ರ ಸರದಿ ಕೊರೊನಾ ಅಂತ 2021ಕ್ಕೆ ಹೋಯಿತು. ಎಂಟನೆಯದು 2023ರಲ್ಲಿ ಆಯಿತು, ಒಂಬತ್ತನೆಯದು 2026ಕ್ಕೆ. ಎರಡು ವರ್ಷ ಅಂದರೆ ಎಷ್ಟು ಅನ್ನುವುದರಲ್ಲೂ ಒಮ್ಮತ ಬಂದ ಹಾಗಿಲ್ಲ.

ಕಾರ್ಯತಂತ್ರದ ಮಾತು ಮಾತ್ರ ಬಹಳ ಗಟ್ಟಿ. ಭಯೋತ್ಪಾದನೆಯನ್ನು ಯಾರೇ ಮಾಡಲಿ, ಎಲ್ಲೇ ಮಾಡಲಿ, ಯಾವ ಉದ್ದೇಶಕ್ಕೇ ಮಾಡಲಿ, ಖಂಡಿಸುತ್ತೇವೆ ಅನ್ನುತ್ತದೆ. ಯಾರು, ಎಲ್ಲಿ, ಯಾಕೆ ಎಲ್ಲ ಇದೆ. ಏನು ಅನ್ನೋದೊಂದು ಇಲ್ಲ. ಭಯೋತ್ಪಾದನೆ ಅಂದರೇನು ಅಂತ ಇವತ್ತಿಗೂ ಎಲ್ಲರೂ ಒಪ್ಪಿದ ವ್ಯಾಖ್ಯಾನ ಇಲ್ಲ. ಅದನ್ನು ಸೇರಿಸಿ ಒಂದು ಸಮಗ್ರ ಒಪ್ಪಂದ ಆಗಲಿ ಅಂತ ಭಾರತ 1996ರಲ್ಲಿ ಕರಡು ಕೊಟ್ಟಿತು. ಆ ವರ್ಷ ಹುಟ್ಟಿದ ಹುಡುಗರ ಮನೆಯಲ್ಲಿ ಈಗ ಹೆಣ್ಣು ಹುಡುಕುತ್ತಿದ್ದಾರೆ. ಕರಡು ಇನ್ನೂ ಕರಡೇ. ಕೂಸಿಗೆ ಹೆಸರಿಲ್ಲ, ಕುಲಾವಿ ಮಾತ್ರ ಎರಡು ವರ್ಷಕ್ಕೊಂದು ಹೊಸದು.

ರೋಗ ಹಳೇದು ಅನ್ನಿ. 1937ರಲ್ಲೇ ಜಿನೀವಾದಲ್ಲಿ, ವಿಶ್ವಸಂಸ್ಥೆಗೂ ಮುಂಚೆ ಇದ್ದ ಲೀಗ್ ಆಫ್ ನೇಷನ್ಸ್ ಇಂಥದ್ದೊಂದು ಒಪ್ಪಂದ ಮಾಡಿತ್ತು. ಅದನ್ನು ಅನುಮೋದಿಸಿದ್ದು ಒಂದೇ ಒಂದು ದೇಶ, ನಮ್ಮ ಭಾರತ! ಹೆಮ್ಮೆ ಪಡುವ ಮುಂಚೆ ಸ್ವಲ್ಪ ತಡೀರಿ, ಆಗ ನಮ್ಮ ಪರವಾಗಿ ಸಹಿ ಹಾಕುತ್ತಿದ್ದವರು ಬ್ರಿಟಿಷರು. ಅವರು 1931ರಲ್ಲಿ ನೇಣಿಗೆ ಹಾಕಿದ ಭಗತ್ ಸಿಂಗ್ ಈಗ ನಮ್ಮ ಆಟೋಗಳ ಹಿಂದೆ ಮೀಸೆ ತಿರುವುತ್ತಾ ನಿಂತಿದ್ದಾರೆ. ಹಾಗಾಗಿ ವ್ಯಾಖ್ಯಾನ ಸುಲಭ ಅಂತ ನಾನೂ ಹೇಳಲ್ಲ.

ಆದರೆ ಜೈಷ್-ಎ-ಮೊಹಮ್ಮದ್ ಉಗ್ರ ಸಂಘಟನೆಯ ಮುಖ್ಯಸ್ಥ ಮಸೂದ್ ಅಜರ್ ವಿಷಯದಲ್ಲಿ ಯಾವ ಗೊಂದಲ ಇತ್ತು? 2009ರಿಂದ ಭಾರತ ಅವನ ಹೆಸರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಭಯೋತ್ಪಾದಕರ ಪಟ್ಟಿಗೆ ಸೇರಿಸಿ ಅಂತ ಕೇಳುತ್ತಲೇ ಇತ್ತು. ಚೀನಾ 'ತಾಂತ್ರಿಕ ತಡೆ' ಅನ್ನುತ್ತಲೇ ಇತ್ತು. ನಮ್ಮ ತಾಲ್ಲೂಕು ಕಚೇರಿ ಭಾಷೆಯಲ್ಲಿ ಇದಕ್ಕೆ 'ಸರ್ವರ್ ಡೌನ್' ಅಂತಾರೆ. ಪಹಣಿಗೆ ನಾಲ್ಕು ಸಲ ಅಲೆದವರಿಗೆ ಗೊತ್ತು, ಸರ್ವರ್‌ಗೆ ಏನೂ ಆಗಿರಲ್ಲ. ಹತ್ತು ವರ್ಷ ಆದಮೇಲೆ, 2019ರ ಮೇ 1ರಂದು, ಸರ್ವರ್ ಬಂತು. ಅದೂ ಕಾರ್ಮಿಕರ ದಿನ, ರಜೆ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನ ಸತ್ತರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಭದ್ರತಾ ಮಂಡಳಿ ಮೂರು ದಿನಕ್ಕೆ ಖಂಡನಾ ಹೇಳಿಕೆ ಕೊಟ್ಟಿತು. ಅದರಲ್ಲಿ ದಾಳಿ ಮಾಡಿದ ಸಂಘಟನೆಯ ಹೆಸರಿಲ್ಲ. ಅದನ್ನು ತೆಗೆಸಿದ್ದು ನಾವೇ ಅಂತ ಪಾಕಿಸ್ತಾನದ ವಿದೇಶಾಂಗ ಸಚಿವ ಇಶಾಕ್ ದಾರ್ ತಮ್ಮ ಸಂಸತ್ತಿನಲ್ಲೇ ಹೇಳಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಅದೇ ಭದ್ರತಾ ಮಂಡಳಿಯ ಭಯೋತ್ಪಾದನಾ ನಿಗ್ರಹ ಸಮಿತಿಗೆ ಪಾಕಿಸ್ತಾನ ಉಪಾಧ್ಯಕ್ಷ ಆಯಿತು. ಇದಕ್ಕೆ ವಿಡಂಬನೆ ಬರೆಯೋಕೆ ಬೇರೆಯವರು ಯಾಕೆ ಬೇಕು?

ಹಾವು ಪೊರೆ ಬಿಡುವುದನ್ನೂ ನೋಡಿದೆವು. ಸಿರಿಯಾದ ಅಹ್ಮದ್ ಅಲ್ ಶರಾ ಮೊದಲು ಅಲ್ ಕೈದಾದಲ್ಲಿದ್ದವರು. ಅವರ ತಲೆಗೆ ಅಮೆರಿಕ 1 ಕೋಟಿ ಡಾಲರ್ ಇನಾಮು ಇಟ್ಟಿತ್ತು. ಅವರೇ ಈಗ ಅಲ್ಲಿನ ಅಧ್ಯಕ್ಷರು. 2025ರ ನವೆಂಬರ್ 6ರಂದು ಭದ್ರತಾ ಮಂಡಳಿ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿತು. ಸೇರಿಸೋಕೆ ಹತ್ತು ವರ್ಷ ಹಿಡಿಯುವ ಕಡೆ ತೆಗೆಯೋಕೆ ಒಂದು ಸಲ ವೋಟಿಗೆ ಹಾಕಿದ್ದೇ ಸಾಕಾಯಿತು. ನಾಲ್ಕೇ ದಿನಕ್ಕೆ ಅವರು ಶ್ವೇತಭವನದಲ್ಲಿದ್ದರು. ಟ್ರಂಪ್ ಖುದ್ದಾಗಿ ಬಾಟಲಿ ಹಿಡಿದು ಅವರ ಕೋಟಿನ ಮೇಲೆ ಸೆಂಟು ಹೊಡೆದರು. ಸಿರಿಯಾ ನೆಟ್ಟಗಾದರೆ ಸಂತೋಷವೇ, ಅದು ಬೇರೆ ಮಾತು. ಆದರೆ ಹಳೇ ವಾಸನೆ ಹೋಗಲಾಡಿಸೋಕೆ ಇಷ್ಟು ಸುಲಭದ ದಾರಿ ಇದೆ ಅಂತ ಆ ಕಾರ್ಯತಂತ್ರದಲ್ಲಿ ಎಲ್ಲೂ ಬರೆದಿಲ್ಲ. ಮುಂದಿನ ಪರಿಶೀಲನೆಯಲ್ಲಾದರೂ ಸೇರಿಸಬೇಕು.

ಇಷ್ಟು ಬರೆಯುತ್ತಿರುವಾಗ ಎದುರು ಮನೆ ಮೇಷ್ಟ್ರ ಫೋನ್ ಬಂತು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹಾವು ಮತ್ತೆ ಬಂದಿದೆಯಂತೆ. ಈ ಸಲ ಅವರ ಬಚ್ಚಲಿಗೆ.

"ಕೇರೆ ಹಾವಾ ಮೇಷ್ಟ್ರೇ?" ಅಂತ ಕೇಳಿದೆ.

"ಯಾವುದಾದರೇನ್ರೀ, ಮೊದಲು ದೊಣ್ಣೆ ತನ್ನಿ" ಅಂದರು.